ಕುಮಾರ ಗಂಧರ್ವ

ಕುಮಾರ ಗಂಧರ್ವ (8 ಏಪ್ರಿಲ್ 1924 – 12 ಜನವರಿ 1992) ಹಿಂದೂಸ್ತಾನಿ ಶಾಸ್ತ್ರೀಯ ಸಂಗೀತದ ಪ್ರಸಿದ್ಧ ಗಾಯಕರು. ಇವರ ಮೂಲ ಹೆಸರು ಶಿವಪುತ್ರ ಸಿದ್ಧರಾಮಯ್ಯ ಕೊಂಕಾಳಿಮಠ. ಕ್ಷಯರೋಗದಿಂದ ಶ್ವಾಸಕೋಶಕ್ಕೆ ಹಾನಿಯಾದ ನಂತರ, ಉಳಿದ ಉಸಿರಿಗೆ ಹೊಂದುವ ಗಾಯನಕ್ರಮವೊಂದನ್ನು ರೂಪಿಸಿಕೊಂಡು ಮತ್ತೆ ವೇದಿಕೆಗೆ ಮರಳಿದವರೆಂದು ಇವರು ಹೆಸರಾಗಿದ್ದಾರೆ.

ಬಾಲ್ಯ ಮತ್ತು ಶಿಕ್ಷಣ

ಇವರು ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ ಜನಿಸಿದರು. ತಂದೆ ಸಿದ್ಧರಾಮಯ್ಯನವರೂ ಗಾಯಕರಾಗಿದ್ದರು. ಹಿರಿಯ ಗಾಯಕರ ಧ್ವನಿಮುದ್ರಿಕೆಗಳನ್ನು ಕೇಳಿ ಹಾಗೆಯೇ ಹಾಡಿ ತೋರಿಸುತ್ತಿದ್ದ ಬಾಲಕನಿಗೆ ಮಠಾಧೀಶರೊಬ್ಬರು 'ಕುಮಾರ ಗಂಧರ್ವ' ಎಂಬ ಬಿರುದನ್ನಿತ್ತರು. ಮುಂದೆ ಅದೇ ಅವರ ಹೆಸರಾಯಿತು.

1930ರ ದಶಕದಲ್ಲಿ ಇವರು ಮುಂಬಯಿಯ ಬಿ. ಆರ್. ದೇವಧರ್ ಅವರ ಸಂಗೀತ ಶಾಲೆಯನ್ನು ಸೇರಿದರು. ವಿಷ್ಣು ದಿಗಂಬರ ಪಲುಸ್ಕರ್ ಅವರ ಶಿಷ್ಯರಾದ ದೇವಧರ್ ಪಾಶ್ಚಾತ್ಯ ಸಂಗೀತವನ್ನೂ ಕಂಠಸಾಧನೆಯ ಶಾಸ್ತ್ರವನ್ನೂ ಅಭ್ಯಾಸ ಮಾಡಿದ್ದರು. ಒಂದೇ ಘರಾಣೆಗೆ ಅಂಟಿಕೊಳ್ಳದ ಈ ಶಿಕ್ಷಣದಿಂದ ಅನುಕರಣೆಯ ಹಂತವನ್ನು ದಾಟಿ ಸ್ವಂತವಾಗಿ ಆಲೋಚಿಸುವ ಅಭ್ಯಾಸ ಇವರಲ್ಲಿ ಬೆಳೆಯಿತು. ಅಂಜನಿಬಾಯಿ ಮಾಲ್ಪೇಕರ್ ಅವರಿಂದಲೂ ಇವರು ಮಾರ್ಗದರ್ಶನ ಪಡೆದರು.

ಅನಾರೋಗ್ಯ

1947ರಲ್ಲಿ ಗಾಯಕಿ ಭಾನುಮತಿಯವರನ್ನು ವಿವಾಹವಾದ ಸ್ವಲ್ಪ ಕಾಲದಲ್ಲೇ ಇವರಿಗೆ ಕ್ಷಯರೋಗ ತಗಲಿತು. ಒಣಹವೆಯ ಪ್ರದೇಶದಲ್ಲಿ ವಾಸಿಸಲೆಂದು 1948ರಲ್ಲಿ ಮಧ್ಯಭಾರತದ ಮಾಳವ ಪ್ರಾಂತದ ದೇವಾಸ್‌ಗೆ ತೆರಳಿದರು. ಹಾಡುವುದನ್ನು ವೈದ್ಯರು ನಿಷೇಧಿಸಿದ್ದರಿಂದ ಹಲವು ವರ್ಷ ಮೌನವಾಗಿರಬೇಕಾಯಿತು. ಆ ಅವಧಿಯಲ್ಲಿ ಭಾನುಮತಿ ಶಿಕ್ಷಕಿಯಾಗಿ ದುಡಿದು ಸಂಸಾರವನ್ನು ನಿರ್ವಹಿಸಿದರು. ಆಗಷ್ಟೇ ಬಳಕೆಗೆ ಬಂದಿದ್ದ ಸ್ಟ್ರೆಪ್ಟೊಮೈಸಿನ್ ಔಷಧದಿಂದ ಇವರು ಗುಣಮುಖರಾದರೂ ಒಂದು ಶ್ವಾಸಕೋಶ ಬಹುಮಟ್ಟಿಗೆ ನಿರುಪಯುಕ್ತವಾಗಿತ್ತು.

ಗಾಯನ ಶೈಲಿ

ಶ್ವಾಸಕೋಶದಿಂದ ಹೊರಬರುವ ಗಾಳಿ ಧ್ವನಿತಂತುಗಳನ್ನು ಕಂಪಿಸುವುದರಿಂದ ಸ್ವರ ಹುಟ್ಟುತ್ತದೆ. ದೀರ್ಘವಾದ ಆಲಾಪ ಮತ್ತು ತಾನುಗಳಿಗೆ ಹಿಡಿತದಲ್ಲಿರುವ ಉಸಿರು ಅಗತ್ಯ. ಉಸಿರು ಸಾಲದಾಗ ಗಂಟಲನ್ನು ಬಿಗಿಹಿಡಿದು ಹಾಡಿದರೆ ಕಂಠಕ್ಕೆ ಆಯಾಸವಾಗುತ್ತದೆ. 1950ರ ದಶಕದಲ್ಲಿ ಮತ್ತೆ ಹಾಡತೊಡಗಿದ ಕುಮಾರರ ಗಾಯನದಲ್ಲಿ ಚಿಕ್ಕ ಚಿಕ್ಕ ಸ್ವರಗುಚ್ಛಗಳು, ಅವುಗಳ ನಡುವೆ ಮೌನ, ಮೆಲುದನಿಯಿಂದ ತಾರಸ್ಥಾಯಿಗೆ ಒಮ್ಮೆಲೇ ಏರುವ ಸ್ವರ ಇವು ಪ್ರಧಾನವಾದವು. ಅತಿ ವಿಳಂಬಗತಿಗಿಂತ ಮಧ್ಯಲಯಕ್ಕೆ ಹೆಚ್ಚಿನ ಸ್ಥಾನ ದೊರೆಯಿತು. ತಂಬೂರಿಯ ಶ್ರುತಿಶುದ್ಧಿಯ ವಿಷಯದಲ್ಲಿ ಇವರು ಬಹಳ ಕಟ್ಟುನಿಟ್ಟಾಗಿದ್ದರು. ಈ ಶೈಲಿ ದೇಹದ ಮಿತಿಯಿಂದ ಬಂದದ್ದೆಂದು ಕೆಲವು ವಿಮರ್ಶಕರೂ, ಪ್ರಜ್ಞಾಪೂರ್ವಕವಾದ ಸೌಂದರ್ಯದೃಷ್ಟಿಯ ಆಯ್ಕೆಯೆಂದು ಇತರರೂ ಅಭಿಪ್ರಾಯಪಟ್ಟಿದ್ದಾರೆ.

ಕೊಡುಗೆಗಳು

ಹಾಸಿಗೆ ಹಿಡಿದ ದಿನಗಳಲ್ಲಿ ಕಿವಿಗೆ ಬಿದ್ದ ಮಾಳವದ ಜನಪದ ಗೀತೆಗಳು ಇವರ ಮುಂದಿನ ಸೃಷ್ಟಿಗೆ ಆಧಾರವಾದವು. ಜನಪದ ಧಾಟಿಗಳಿಂದ ಇವರು ಹೊಸ ರಾಗಗಳನ್ನು ರೂಪಿಸಿದರು. ಗಾಂಧೀಜಿಯವರ ಸ್ಮರಣೆಗಾಗಿ ಗಾಂಧಿ ಮಲ್ಹಾರ್ ರಾಗವನ್ನು ರಚಿಸಿದರು. ಕಬೀರರ ನಿರ್ಗುಣ ಭಜನೆಗಳ ಗಾಯನ ಇವರಿಗೆ ವ್ಯಾಪಕ ಜನಪ್ರಿಯತೆ ತಂದಿತು. ಇವರ ರಚನೆಗಳು 'ಅನೂಪರಾಗವಿಲಾಸ' ಎಂಬ ಗ್ರಂಥದಲ್ಲಿ ಪ್ರಕಟವಾಗಿವೆ.

ವೈಯಕ್ತಿಕ ಜೀವನ ಮತ್ತು ಗೌರವಗಳು

ಭಾನುಮತಿ 1961ರಲ್ಲಿ ನಿಧನರಾದರು. ಅನಂತರ ಕುಮಾರರು ಗಾಯಕಿ ವಸುಂಧರಾ ಅವರನ್ನು ವಿವಾಹವಾದರು. ಮಗ ಮುಕುಲ್ ಶಿವಪುತ್ರ ಮತ್ತು ಮಗಳು ಕಲಾಪಿನಿ ಕೋಮಕಲಿ ಇಬ್ಬರೂ ಗಾಯಕರು. ಭಾರತ ಸರ್ಕಾರವು ಕುಮಾರ ಗಂಧರ್ವರಿಗೆ 1977ರಲ್ಲಿ ಪದ್ಮಭೂಷಣ ಮತ್ತು 1990ರಲ್ಲಿ ಪದ್ಮವಿಭೂಷಣ ಪ್ರಶಸ್ತಿಗಳನ್ನು ನೀಡಿ ಗೌರವಿಸಿತು. ಇವರು 1992ರ ಜನವರಿ 12ರಂದು ದೇವಾಸ್‌ನಲ್ಲಿ ನಿಧನರಾದರು.