ಎರಡು ಪೈಸೆಯ ಲೆಕ್ಕ: ಕುದ್ಮುಲ್ ರಂಗರಾಯರು



ನಮ್ಮ ಬೀದಿಯ ಮಗುವೊಂದು ಶಾಲೆ ಬಿಟ್ಟಿತೆಂದು ಕೇಳಿದರೆ ನಾವು ಮೊದಲು ಯಾರನ್ನು ದೂರುತ್ತೇವೆ? ಹೆತ್ತವರನ್ನು. ಅವರಿಗೆ ವಿದ್ಯೆಯ ಬೆಲೆ ಗೊತ್ತಿಲ್ಲ ಎಂದು ತೀರ್ಪು ಕೊಟ್ಟು ಮುಂದೆ ಹೋಗುತ್ತೇವೆ. ಆದರೆ ಕೂಲಿಯ ಮನೆಯ ಲೆಕ್ಕವೇ ಬೇರೆ. ನಮ್ಮ ನಂಗಲಿ ಸೀಮೆಯಲ್ಲಿ ತಾಯಿ ಟೊಮೆಟೊ ಕೀಳಲು ಹೋದರೆ, ಕೂಸನ್ನು ನೋಡಿಕೊಳ್ಳಲು ಅಕ್ಕ ಮನೆಯಲ್ಲಿ ಉಳಿಯಬೇಕಾಗುತ್ತದೆ. ಅಣ್ಣನೂ ದುಡಿದರೆ ಸಂಜೆಯ ಮುದ್ದೆಗೆ ಹಿಟ್ಟು ಬರುತ್ತದೆ. ಈ ಲೆಕ್ಕವನ್ನು ನೂರಮೂವತ್ತು ವರ್ಷಗಳ ಹಿಂದೆ, ನಮ್ಮ ರಾಜ್ಯದ ಇನ್ನೊಂದು ತುದಿಯಾದ ಮಂಗಳೂರಿನಲ್ಲಿ, ಒಬ್ಬರು ಚೆನ್ನಾಗಿ ಅರಿತಿದ್ದರು. ಅವರೇ ಕುದ್ಮುಲ್ ರಂಗರಾಯರು.

ಅವರು 1859ರಲ್ಲಿ ಕಾಸರಗೋಡಿನ ಸಾರಸ್ವತ ಬ್ರಾಹ್ಮಣ ಕುಟುಂಬದಲ್ಲಿ ಹುಟ್ಟಿದರು. ಹದಿಹರೆಯದಲ್ಲೇ ತಂದೆಯನ್ನು ಕಳೆದುಕೊಂಡರು. ಮನೆಯ ಭಾರ ಎಳೆಯ ಹೆಗಲಿಗೆ ಬಿತ್ತು. ಕೆಲಸ ಅರಸಿ ಮಂಗಳೂರಿಗೆ ಬಂದು ಶಿಕ್ಷಕರಾದರು. ಮುಂದೆ ಓದಿ ವಕೀಲರಾದರು. ಬಡವರ ಪರವಾಗಿ ನ್ಯಾಯಾಲಯದಲ್ಲಿ ನಿಂತರು. ಆ ಕೆಲಸದಲ್ಲಿ ಅವರಿಗೆ ಒಂದು ಸಂಗತಿ ಮನದಟ್ಟಾಯಿತು. ಓದುಬರಹವಿಲ್ಲದವನಿಗೆ ನ್ಯಾಯವೂ ದೂರ. ಅಂದು ದಲಿತರ ಮಕ್ಕಳಿಗೆ ಶಾಲೆಯ ಬಾಗಿಲು ಮುಚ್ಚಿತ್ತು.

1892ರಲ್ಲಿ ರಂಗರಾಯರು ಆ ಮಕ್ಕಳಿಗಾಗಿಯೇ ಒಂದು ಶಾಲೆ ತೆರೆದರು. ಊರು ಸುಮ್ಮನಿರಲಿಲ್ಲ. ಪಾಠ ಹೇಳಲು ಮೇಲ್ಜಾತಿಯವರು ಬರಲಿಲ್ಲ. ವಿರೋಧದಿಂದ ಶಾಲೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಜಾಗ ಬದಲಿಸಬೇಕಾಯಿತು. ಸ್ವಂತ ಜಾತಿಯವರು ಅವರಿಗೆ ಬಹಿಷ್ಕಾರ ಹಾಕಿದರು. ಆ ಕಾಲದಲ್ಲಿ ಬಹಿಷ್ಕಾರವೆಂದರೆ ಬರಿಯ ಮಾತಲ್ಲ. ಅದು ಮನೆಯವರೆಲ್ಲರ ದಿನನಿತ್ಯದ ಬಾಳನ್ನೇ ಕಟ್ಟಿಹಾಕುತ್ತಿತ್ತು. ಅವರು ಹಿಂದೆ ಸರಿಯಲಿಲ್ಲ. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಎಂಬ ಸಂಸ್ಥೆ ಕಟ್ಟಿ ಇನ್ನಷ್ಟು ಶಾಲೆಗಳನ್ನು ತೆರೆದರು.

ಶಾಲೆ ತೆರೆದದ್ದೇನೋ ಆಯಿತು, ಮಕ್ಕಳು ಬರಬೇಕಲ್ಲ! ಒಡೆಯರ ಮನೆಯಲ್ಲಿ ದುಡಿಯುವ ಮಗು ಶಾಲೆಗೆ ಬಂದರೆ ಆ ದಿನದ ಗಳಿಕೆ ಹೋಯಿತು. ರಂಗರಾಯರು ಹೆತ್ತವರಿಗೆ ಉಪದೇಶ ಮಾಡುತ್ತ ಕೂರಲಿಲ್ಲ. ಶಾಲೆಗೆ ಬಂದ ಮಗುವಿಗೆ ದಿನಕ್ಕೆ 2 ಪೈಸೆ ಕೊಟ್ಟರು, ಮಧ್ಯಾಹ್ನ ಊಟ ಹಾಕಿದರು. ಹಸಿದ ಹೊಟ್ಟೆಗೆ ಅಕ್ಷರ ಹತ್ತುವುದಿಲ್ಲ ಎಂಬುದನ್ನು ಅವರು ಪುಸ್ತಕದಿಂದ ಕಲಿಯಲಿಲ್ಲ, ಮನೆಗಳ ಅಂಗಳದಲ್ಲಿ ನಿಂತು ಕಲಿತರು.

ಮಗುವನ್ನು ಮನೆಯಿಂದ ಬೇರೆ ಮಾಡಿ ನೋಡಲಿಲ್ಲ ಎಂಬುದೇ ಅವರ ದೊಡ್ಡಸ್ತಿಕೆ. ಮಂಗಳೂರಿನ ಶೇಡಿಗುಡ್ಡೆಯಲ್ಲಿ ನೇಯ್ಗೆ, ಮರಗೆಲಸ ಕಲಿಸಿದರು. ಮನೆಯಿಲ್ಲದವರಿಗೆ ನಿವೇಶನ ದೊರಕಿಸಿದರು. ಸಹಕಾರ ಸಂಘ ಕಟ್ಟಿಸಿದರು. ಕಾಡಂಚಿನಲ್ಲಿ ಬದುಕುತ್ತಿದ್ದ ಕೊರಗರನ್ನೂ ಮರೆಯಲಿಲ್ಲ. ತಮ್ಮ ಮನೆಯಲ್ಲೂ ನಡೆನುಡಿ ಒಂದಾಗಿರಲಿ ಎಂದು ಮಗಳು ರಾಧಾಬಾಯಿಯ ಅಂತರ್ಜಾತೀಯ ವಿವಾಹಕ್ಕೆ ಒಪ್ಪಿದರು. ಅವರ ಅಳಿಯ ಪಿ. ಸುಬ್ಬರಾಯನ್ ಮುಂದೆ ಮದರಾಸು ಪ್ರಾಂತ್ಯದ ಮುಖ್ಯಮಂತ್ರಿಯಾದರು.

ತಮ್ಮಲ್ಲಿ ಕಲಿತ ಮಗುವೊಂದು ದೊಡ್ಡ ಹುದ್ದೆಗೇರಿ ಊರಿನ ರಸ್ತೆಯಲ್ಲಿ ಕಾರಿನಲ್ಲಿ ಹೋಗಬೇಕು, ಆ ಧೂಳು ತಮ್ಮ ತಲೆಗೆ ತಾಗಬೇಕು, ಆಗ ಬಾಳು ಸಾರ್ಥಕ ಎಂಬುದು ಅವರ ಹಂಬಲವಾಗಿತ್ತು. ಸಹಾಯ ಮಾಡಿದವನು ಮೇಲೆ, ಪಡೆದವನು ಕೆಳಗೆ ಎಂಬುದು ಲೋಕದ ರೂಢಿ. ರಂಗರಾಯರು ಅದನ್ನು ತಿರುಗಿಸಿ ಹಾಕಿದರು. ದಾನಕ್ಕೂ ನ್ಯಾಯಕ್ಕೂ ಇರುವ ಅಂತರ ಇದೇ. ದಾನ ಪಡೆದವನು ಕೈಮುಗಿದು ನಿಲ್ಲುತ್ತಾನೆ. ನ್ಯಾಯ ದೊರೆತವನು ತಲೆಯೆತ್ತಿ ನಡೆಯುತ್ತಾನೆ.

1927ರಲ್ಲಿ ಅವರು ಈಶ್ವರಾನಂದರೆಂಬ ಹೆಸರಿನಲ್ಲಿ ಸಂನ್ಯಾಸಿಯಾದರು. 1928ರ ಜನವರಿ 30ರಂದು ತೀರಿಕೊಂಡರು. ತಮ್ಮ ದೇಹವನ್ನು ಊರಿನ ಕಸ ಗುಡಿಸುವ ಜನರೇ ಹೊರಬೇಕೆಂಬುದು ಅವರ ಕೊನೆಯ ಆಸೆಯಾಗಿತ್ತು. 1934ರಲ್ಲಿ ಮಂಗಳೂರಿಗೆ ಬಂದ ಗಾಂಧೀಜಿ ಅವರ ಸೇವೆಯನ್ನು ಮನಸಾರೆ ನೆನೆದರು. ಮಂಗಳೂರಿನ ಪುರಭವನ ಇಂದು ಅವರ ಹೆಸರನ್ನು ಹೊತ್ತು ನಿಂತಿದೆ.

ಅವರು ನಮ್ಮ ಧರ್ಮಸಭೆಯವರಲ್ಲ, ಬ್ರಹ್ಮಸಮಾಜದಿಂದ ಪ್ರೇರಣೆ ಪಡೆದವರು. ಆದರೆ ಪ್ರಭು ಯೇಸು ಹೇಳಿದ ಸಾಮತಿಯಲ್ಲೂ ಗಾಯಾಳುವಿನ ಬಳಿ ನಿಂತವನು ದೇವಾಲಯದ ಯಾಜಕನಲ್ಲ, ಸಮಾರಿಯದವನು. ಅವನು ಗಾಯ ಕಟ್ಟಿ ಹೊರಟುಹೋಗಲಿಲ್ಲ. ಛತ್ರದ ಖರ್ಚನ್ನೂ ಲೆಕ್ಕ ಹಾಕಿದ.

ಇಂದು ನಮ್ಮ ಸರ್ಕಾರಿ ಶಾಲೆಗಳಲ್ಲಿ ಬಿಸಿಯೂಟವಿದೆ. ಕರ್ನಾಟಕದಲ್ಲಿ ಈ ಯೋಜನೆ 2002ರಲ್ಲಿ ಆರಂಭವಾಯಿತು. 6ರಿಂದ 14 ವರ್ಷದ ಮಕ್ಕಳಿಗೆ ಶಿಕ್ಷಣ ಹಕ್ಕೆಂದು 2009ರ ಕಾಯಿದೆ ಹೇಳುತ್ತದೆ. ಕಷ್ಟದಲ್ಲಿರುವ ಮಗುವಿಗಾಗಿ 1098ಕ್ಕೆ ಯಾರು ಬೇಕಾದರೂ ಫೋನ್ ಮಾಡಬಹುದು. ಆದರೆ ಕಾಯಿದೆ ಮನೆಬಾಗಿಲಿಗೆ ತಾನಾಗಿ ನಡೆದು ಬರುವುದಿಲ್ಲ. ಯಾರಾದರೂ ಕರೆತರಬೇಕು.

ಆದ್ದರಿಂದ ನಿಮ್ಮಲ್ಲಿ ಒಂದು ಬಿನ್ನಹ. ಬರುವ ಭಾನುವಾರ ಪೂಜೆ ಮುಗಿದ ಮೇಲೆ, ಶಾಲೆಗೆ ಹೋಗದ ಮಗುವಿರುವ ಒಂದು ಮನೆಗೆ ಹೋಗಿ. ಅವರು ಯಾವ ಜಾತಿ, ಯಾವ ಧರ್ಮ ಎಂದು ನೋಡಬೇಡಿ. ಮಗುವನ್ನು ಯಾಕೆ ಕಳಿಸುತ್ತಿಲ್ಲ ಎಂದು ಗದರಬೇಡಿ. ಕಳಿಸಬೇಕಾದರೆ ಮನೆಗೆ ಏನು ಬೇಕು ಎಂದು ಕೇಳಿ. ಕೂಸನ್ನು ನೋಡಿಕೊಳ್ಳುವವರು ಬೇಕೋ, ಅಪ್ಪನ ಔಷಧಿಗೆ ಹಣ ಬೇಕೋ, ಬರಿಯ ಒಂದು ಅರ್ಜಿ ಬರೆದುಕೊಡುವವರು ಬೇಕೋ? ಆ ಮನೆಯ ಎರಡು ಪೈಸೆ ಯಾವುದೆಂದು ಅಲ್ಲಿ ಕೂತು ಕೇಳಿದವರಿಗೆ ಮಾತ್ರ ತಿಳಿಯುತ್ತದೆ.