ಸ್ಟೀಫನ್ ಕೋಲ್ ಕ್ಲೇನಿ

ಸ್ಟೀಫನ್ ಕೋಲ್ ಕ್ಲೇನಿ (ಜನವರಿ 5, 1909 – ಜನವರಿ 25, 1994) ಅಮೆರಿಕದ ಗಣಿತಜ್ಞರು ಹಾಗೂ ತರ್ಕಶಾಸ್ತ್ರಜ್ಞರು. ಗಣಕಯಂತ್ರದಲ್ಲಿ ಪಠ್ಯವನ್ನು ಹುಡುಕಲು ಬಳಸುವ ರೆಗ್ಯುಲರ್ ಎಕ್ಸ್‌ಪ್ರೆಶನ್ ಎಂಬ ಸಂಕೇತ ಪದ್ಧತಿಗೆ ಅಡಿಪಾಯ ಹಾಕಿದವರು. ಆ ಪದ್ಧತಿಯ ನಕ್ಷತ್ರ ಚಿಹ್ನೆಯು ಇಂದಿಗೂ ಅವರ ಹೆಸರಿನಿಂದಲೇ ಪ್ರಸಿದ್ಧವಾಗಿದೆ.

ಜನನ ಮತ್ತು ವಿದ್ಯಾಭ್ಯಾಸ

ಕ್ಲೇನಿಯವರು ಕನೆಕ್ಟಿಕಟ್ ರಾಜ್ಯದ ಹಾರ್ಟ್‌ಫರ್ಡ್ ನಗರದಲ್ಲಿ ಜನಿಸಿದರು. ತಂದೆ ಅರ್ಥಶಾಸ್ತ್ರದ ಪ್ರಾಧ್ಯಾಪಕರು, ತಾಯಿ ಕವಯಿತ್ರಿ. 1930ರಲ್ಲಿ ಆಮ್‌ಹರ್ಸ್ಟ್ ಕಾಲೇಜಿನ ಪದವಿ ಪಡೆದು, 1934ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯದಲ್ಲಿ ಅಲೊನ್ಜೊ ಚರ್ಚ್ ಅವರ ಮಾರ್ಗದರ್ಶನದಲ್ಲಿ ಡಾಕ್ಟರೇಟ್ ಗಳಿಸಿದರು.

ವೃತ್ತಿಜೀವನ

1935ರಲ್ಲಿ ಮ್ಯಾಡಿಸನ್ ನಗರದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪನ ಆರಂಭಿಸಿದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ನೌಕಾಪಡೆಯಲ್ಲಿ ಸೇವೆ ಸಲ್ಲಿಸಿ, ಯುದ್ಧಾನಂತರ ಅಲ್ಲಿಗೇ ಮರಳಿದರು. ಯಾವ ಲೆಕ್ಕವನ್ನು ಕ್ರಮಬದ್ಧ ವಿಧಾನದಿಂದ ಮಾಡಬಹುದು, ಯಾವುದನ್ನು ಮಾಡಲಾಗದು ಎಂಬುದೇ ಅವರ ಜೀವಮಾನದ ಜಿಜ್ಞಾಸೆ. 1952ರಲ್ಲಿ ಪ್ರಕಟವಾದ ಇಂಟ್ರೊಡಕ್ಷನ್ ಟು ಮೆಟಾಮ್ಯಾಥಮ್ಯಾಟಿಕ್ಸ್ ಅವರ ಪ್ರಮುಖ ಗ್ರಂಥ.

ರೆಗ್ಯುಲರ್ ಎಕ್ಸ್‌ಪ್ರೆಶನ್

1943ರಲ್ಲಿ ಮೆಕಲಕ್ ಮತ್ತು ಪಿಟ್ಸ್ ನರಕೋಶಗಳ ಜಾಲಕ್ಕೆ ಗಣಿತೀಯ ಮಾದರಿಯೊಂದನ್ನು ರೂಪಿಸಿದ್ದರು. 1951ರಲ್ಲಿ ಕ್ಲೇನಿಯವರು ಅಂತಹ ಜಾಲ ಗುರುತಿಸಬಲ್ಲ ಸಂಕೇತಗಳ ಸ್ವರೂಪವನ್ನು ಅಧ್ಯಯನ ಮಾಡಿದರು. ಒಂದರ ಬಳಿಕ ಇನ್ನೊಂದು, ಇದು ಅಥವಾ ಅದು, ಪುನರಾವರ್ತನೆ ಎಂಬ ಮೂರೇ ಕ್ರಿಯೆಗಳಿಂದ ಅವೆಲ್ಲವನ್ನೂ ಬರೆಯಬಹುದೆಂದು ತೋರಿಸಿಕೊಟ್ಟರು. ಈ ಬರಹ 1956ರಲ್ಲಿ ಮುದ್ರಣಗೊಂಡಿತು. 1968ರಲ್ಲಿ ಕೆನ್ ಥಾಂಪ್ಸನ್ ಇದನ್ನು ಗಣಕದ ಪಠ್ಯ ಹುಡುಕಾಟಕ್ಕೆ ಅಳವಡಿಸುವ ವಿಧಾನವನ್ನು ಪ್ರಕಟಿಸಿದರು.

ನಕ್ಷತ್ರವು, ತನ್ನ ಹಿಂದಿನ ಚಿಹ್ನೆ ಇಲ್ಲದಿರಬಹುದು ಅಥವಾ ಎಷ್ಟು ಬಾರಿಯಾದರೂ ಬರಬಹುದು ಎಂದು ಸೂಚಿಸುತ್ತದೆ. ಯುನಿಕೋಡ್‌ನಲ್ಲಿ ಹಲಂತ ಚಿಹ್ನೆಗೆ ಪ್ರತ್ಯೇಕ ಸಂಕೇತವಿರುವುದರಿಂದ, ಬಂಟ್*ವಾಳ ಎಂಬ ಒಂದೇ ಮಾದರಿಯು ಬಂಟ್ವಾಳ, ಬಂಟವಾಳ ಎಂಬ ಎರಡೂ ರೂಪಗಳನ್ನು ಹುಡುಕಿಕೊಡುತ್ತದೆ.

ಜೋಡಿ ಟ್ಯಾಗ್‌ಗಳು ಮತ್ತು ಮಿತಿ

ಜಾಲಪುಟದ ಪಠ್ಯದಲ್ಲಿ ಆರಂಭದ ಟ್ಯಾಗಿಗೆ ಮುಕ್ತಾಯದ ಟ್ಯಾಗ್ ಜೋಡಿಯಾಗಿರುತ್ತದೆ. ಒಂದೇ ಸಾಲಿನಲ್ಲಿ ಇಂತಹ ಎರಡು ಜೋಡಿಗಳಿದ್ದರೆ, ನಕ್ಷತ್ರವು ಸಾಮಾನ್ಯವಾಗಿ ಮೊದಲ ಆರಂಭದಿಂದ ಕೊನೆಯ ಮುಕ್ತಾಯದವರೆಗೆ ಎಲ್ಲವನ್ನೂ ಆವರಿಸುತ್ತದೆ. ನಕ್ಷತ್ರದ ಮುಂದೆ ಪ್ರಶ್ನಾರ್ಥಕ ಚಿಹ್ನೆಯನ್ನಿಟ್ಟು, ಅತಿ ಸಮೀಪದ ಮುಕ್ತಾಯದಲ್ಲಿ ನಿಲ್ಲಿಸುವ ಸೌಲಭ್ಯ ಈಗಿನ ಅನೇಕ ತಂತ್ರಾಂಶಗಳಲ್ಲಿದೆ. ಆದರೆ ಜೋಡಿಯೊಳಗೆ ಅದೇ ಬಗೆಯ ಜೋಡಿಗಳು ಎಷ್ಟು ಆಳಕ್ಕಾದರೂ ಇರಬಹುದಾದರೆ ಕ್ಲೇನಿಯವರ ಪದ್ಧತಿ ಸಾಲದು. ಅದಕ್ಕೆ ಸಮನಾದ ಯಂತ್ರದ ಸ್ಥಿತಿಗಳು ಸೀಮಿತ. ತೆರೆದಿರುವ ಟ್ಯಾಗ್‌ಗಳೆಷ್ಟೆಂದು ಅದು ಮಿತಿಯಿಲ್ಲದೆ ನೆನಪಿಡಲಾರದು. ಆದುದರಿಂದ ಅಲ್ಲಿ ಪಾರ್ಸರ್ ಎಂಬ ಪಠ್ಯವಿಶ್ಲೇಷಕವನ್ನು ಬಳಸುವುದು ವಾಡಿಕೆ.

ಗೌರವ ಮತ್ತು ನಿಧನ

ಪರ್ವತಾರೋಹಣ ಅವರ ಪ್ರಿಯ ಹವ್ಯಾಸವಾಗಿತ್ತು. 1990ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪದಕ ಅವರಿಗೆ ಸಂದಿತು. 1994ರಲ್ಲಿ ಮ್ಯಾಡಿಸನ್‌ನಲ್ಲಿ ನಿಧನರಾದರು.