ಆಕ್ಸ್‌ಫರ್ಡ್ ಮುದ್ರಣಾಲಯದ ಮೂಲಪುರುಷ ಜಾನ್ ಫೆಲ್ಲರು

ವಿಜಯನಗರದ ಅರಸರ ಆಶ್ರಯದಲ್ಲಿ ಸಾಯಣಾಚಾರ್ಯರು ರಚಿಸಿದ ಋಗ್ವೇದಭಾಷ್ಯವನ್ನು ಮ್ಯಾಕ್ಸ್ ಮುಲ್ಲರ್ ಪಂಡಿತರು ಸಂಶೋಧಿಸಿ ಹೊರತಂದ ಸಂಗತಿಯು ವಿದ್ವಜ್ಜನರಿಗೆ ವಿದಿತವೇ ಆಗಿದೆ. ಅದರ ಆರು ಸಂಪುಟಗಳು 1849ರಿಂದ 1874ರವರೆಗೆ ಅಚ್ಚಾದುದು ಇಂಗ್ಲಂಡದ ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯದ ಮುದ್ರಣಾಲಯದಲ್ಲಿ. ಲಾಭವನ್ನೇ ನೋಡುವ ವ್ಯಾಪಾರಿಯು ಮುಟ್ಟಲೊಲ್ಲದ ಇಂತಹ ಘನಗ್ರಂಥಗಳಿಗೆ ವಿದ್ಯಾಪೀಠವೇ ಆಸರೆಯಾಗಬೇಕೆಂದು ಹಟ ತೊಟ್ಟು, ಆ ಮುದ್ರಣಾಲಯವನ್ನು ನೆಲೆಗೊಳಿಸಿದವರು ಜಾನ್ ಫೆಲ್ಲರೆಂಬ ಧರ್ಮಾಧಿಕಾರಿಗಳು.

ಇವರು 1625ನೆಯ ಇಸವಿಯಲ್ಲಿ ಜನಿಸಿದರು. ತಂದೆ ಸ್ಯಾಮ್ಯುಯೆಲ್ ಫೆಲ್ಲರು ಆಕ್ಸ್‌ಫರ್ಡಿನ ಕ್ರೈಸ್ಟ್ ಚರ್ಚ್ ಎಂಬ ವಿದ್ಯಾಶಾಲೆಗೆ ಡೀನ್ ಆಗಿದ್ದರು. ದೇವಾಲಯವೂ ಪಾಠಶಾಲೆಯೂ ಒಂದೇ ಪ್ರಾಕಾರದೊಳಗಿರುವ ಆ ಸ್ಥಳದಲ್ಲಿ ಡೀನ್ ಪದವಿಯು ನಮ್ಮಲ್ಲಿಯ ಪಟ್ಟಾಧಿಕಾರಕ್ಕೆ ಹೋಲುವಂಥದು. ಮಗನು ಹನ್ನೊಂದು ವರ್ಷದ ಬಾಲಕನಿರುವಾಗಲೇ ಅಲ್ಲಿ ವಿದ್ಯಾರ್ಥಿಯಾದನು. ಅಷ್ಟರಲ್ಲಿ ಅರಸನಿಗೂ ಪಾರ್ಲಿಮೆಂಟಿಗೂ ಯುದ್ಧವು ಹೊತ್ತಿಕೊಂಡಿತು. ತರುಣ ಫೆಲ್ಲರು ಪುಸ್ತಕವನ್ನಿಟ್ಟು ಅರಸನ ಪಕ್ಷದಲ್ಲಿ ಆಯುಧ ಹಿಡಿದರು. ಅರಸನು ಸೋತನು, 1648ರಲ್ಲಿ ಫೆಲ್ಲರು ವಿದ್ಯಾಶಾಲೆಯಿಂದ ಹೊರಗೆ ಹಾಕಲ್ಪಟ್ಟರು. ಮನೆಯನ್ನು ಬಿಡಲೊಲ್ಲದ ಅವರ ತಾಯಿಯನ್ನು ಸಿಪಾಯಿಗಳು ಎತ್ತಿಕೊಂಡೇ ಹೊರಗೆ ತಂದಿರಿಸಿದರು. ಮರುವರ್ಷವೇ ತಂದೆಯೂ ತೀರಿದರು. ನಿಷೇಧಿಸಲ್ಪಟ್ಟ ತಮ್ಮ ಉಪಾಸನೆಯನ್ನು ಫೆಲ್ಲರು ಇಬ್ಬರು ಗೆಳೆಯರೊಡಗೂಡಿ ಖಾಸಗಿ ಮನೆಯೊಂದರಲ್ಲಿ ಬಿಡದೆ ನಡೆಸಿಕೊಂಡು ಬಂದರು. 1660ರಲ್ಲಿ ರಾಜ್ಯವು ಮರಳಿ ಅರಸೊತ್ತಿಗೆಗೆ ಬರಲು, ತಂದೆಯ ಪದವಿಯೇ ಇವರಿಗೆ ಲಭಿಸಿತು. ಇವರು ವಿವಾಹವಾಗಲಿಲ್ಲ; ವಿದ್ಯಾಶಾಲೆಯೇ ಇವರ ಸಂಸಾರವಾಯಿತು.

ಮುದ್ರಣದ ವಿಷಯದಲ್ಲಿ ಆಕ್ಸ್‌ಫರ್ಡಿನ ಸ್ಥಿತಿಯು ಆಗ ನಗೆಗೇಡಾಗಿದ್ದಿತು. ಲಾಡ್ ಎಂಬ ಧರ್ಮಗುರುಗಳ ಪ್ರಯತ್ನದಿಂದ ವಿಶ್ವವಿದ್ಯಾನಿಲಯಕ್ಕೆ 1636ರಲ್ಲಿಯೇ ಎಲ್ಲ ಬಗೆಯ ಪುಸ್ತಕಗಳನ್ನು ಅಚ್ಚಿಡುವ ರಾಜಶಾಸನವು ದೊರೆತಿದ್ದಿತು. ಆದರೆ ಬೈಬಲ್ ಮೊದಲಾದ ಲಾಭದ ಪುಸ್ತಕಗಳನ್ನು ತಾನು ಅಚ್ಚಿಡದೆ ಸುಮ್ಮನಿರುವುದಕ್ಕಾಗಿ ವಿಶ್ವವಿದ್ಯಾನಿಲಯವು ಲಂಡನ್ ಪುಸ್ತಕ ವ್ಯಾಪಾರಿಗಳ ಸಂಘದಿಂದ ವರ್ಷಕ್ಕೆ 200 ಪೌಂಡು ಪಡೆಯುತ್ತಿದ್ದಿತು! ಹಕ್ಕು ಇದ್ದೂ ಕೈಕಟ್ಟಿ ಕುಳಿತು ಹಣವೆಣಿಸುವ ಈ ವ್ಯವಹಾರವು ಫೆಲ್ಲರಿಗೆ ಸೇರಲಿಲ್ಲ. 1645ರಲ್ಲಿ ಶಿರಶ್ಛೇದಕ್ಕೆ ಗುರಿಯಾದ ಲಾಡರ ಸಂಕಲ್ಪವನ್ನು ಪೂರ್ಣಗೊಳಿಸುವುದು ಅವರಿಗೆ ಗುರುಋಣದಂತೆ ಕಂಡಿರಬೇಕು.

1666ರಿಂದ 1669ರವರೆಗೆ ಅವರು ಕುಲಪತಿಗಳ ಕಾರ್ಯವನ್ನು ವಹಿಸಿದ್ದ ಕಾಲದಲ್ಲಿ, ರೆನ್ ಎಂಬ ಪ್ರಸಿದ್ಧ ಶಿಲ್ಪಿಯು ಕಟ್ಟಿದ ಶೆಲ್ಡೋನಿಯನ್ ಸಭಾಭವನದಲ್ಲಿ ಮುದ್ರಣಯಂತ್ರಗಳು ಸ್ಥಾಪಿತವಾದವು. 1672ರಲ್ಲಿ ಫೆಲ್ಲರು ಮೂವರು ಮಿತ್ರರೊಡನೆ ಸೇರಿ, ಅದೇ 200 ಪೌಂಡುಗಳನ್ನು ವರ್ಷವರ್ಷವೂ ತಾವೇ ಕೊಡುವೆವೆಂದು ಒಪ್ಪಿ, ಮುದ್ರಣದ ಹಕ್ಕನ್ನು ಗುತ್ತಿಗೆಗೆ ಹಿಡಿದರು. ಸುಮ್ಮನಿರಲು ಬರುತ್ತಿದ್ದ ಹಣವು ಹೀಗೆ ದುಡಿಯಲು ತೆರುವ ಹಣವಾಯಿತು.

ಯಂತ್ರವಿದ್ದರಾಯಿತೆ? ಒಳ್ಳೆಯ ಅಕ್ಷರದ ಮೊಳೆಗಳು ಬೇಕು. ಇಂಗ್ಲಂಡದಲ್ಲಿ ಮೊಳೆ ಎರಕ ಹೊಯ್ಯುವ ವಿದ್ಯೆಯು ಅಂದು ಹಿಂದುಳಿದಿದ್ದಿತು; ಹಾಲಂಡದವರು ಅದರಲ್ಲಿ ನಿಪುಣರು. ಅಲ್ಲಿದ್ದ ಥಾಮಸ್ ಮಾರ್ಷಲ್ ಎಂಬ ವಿದ್ವಾಂಸರ ಮೂಲಕ ಫೆಲ್ಲರು ಅಕ್ಷರ ಕೊರೆದ ಉಕ್ಕಿನ ಅಚ್ಚುಗಳನ್ನೂ, ಎರಕಕ್ಕೆ ಬೇಕಾದ ತಾಮ್ರದ ಪಡಿಯಚ್ಚುಗಳನ್ನೂ ಕೊಳ್ಳಿಸಿ ತರಿಸಿದರು. ಬರಿಯ ರೋಮನ್ ಲಿಪಿಯಲ್ಲ. ಗ್ರೀಕ್, ಹೀಬ್ರೂ, ಕಾಪ್ಟಿಕ್ ಮೊದಲಾದ ಲಿಪಿಗಳೂ ಅವರಿಗೆ ಬೇಕಾಗಿದ್ದವು. 1676ರಲ್ಲಿ ವಾಲ್‌ಪರ್ಗನ್ ಎಂಬ ಕುಶಲ ಕರ್ಮಿಯು ಹಾಲಂಡದಿಂದ ಬಂದು ಆಕ್ಸ್‌ಫರ್ಡಿನಲ್ಲಿಯೇ ನೆಲಸಿ, ಮೊಳೆಗಳನ್ನು ಕೊರೆದು ಎರಕ ಹೊಯ್ಯತೊಡಗಿದನು. ಫೆಲ್ಲರ ಹೆಸರಿನಿಂದಲೇ ಆ ಮೊಳೆಗಳು ಇಂದಿಗೂ ಖ್ಯಾತವಾಗಿವೆ.

ಪ್ರಾಚೀನ ಧರ್ಮಗ್ರಂಥಗಳು, ಗ್ರೀಕ್ ಮತ್ತು ಲ್ಯಾಟಿನ್ ಕಾವ್ಯಗಳು, ಗಣಿತ, ಕಡೆಗೆ ಕ್ರಿಮಿಕೀಟಗಳ ಚರಿತ್ರೆಯವರೆಗೆ ಅಚ್ಚಿಡಬೇಕಾದ ಗ್ರಂಥಗಳ ದೊಡ್ಡ ಯಾದಿಯೊಂದನ್ನು ಅವರು ಸಿದ್ಧಪಡಿಸಿದರು. ಅವರ ಜೀವಿತದಲ್ಲಿ ಹೊರಬಂದವು ಅದರಲ್ಲಿ ಕೆಲವೇ. 1675ರಲ್ಲಿ ಆಕ್ಸ್‌ಫರ್ಡಿನಿಂದ ಇಂಗ್ಲಿಷ್ ಬೈಬಲ್ ಹೊರಬೀಳಲು, ಲಂಡನ್ ವ್ಯಾಪಾರಿಗಳು ಕೆರಳಿದರು. ಆಗ ಫೆಲ್ಲರು ಆ ಸಂಘದೊಡನೆ ವಿರೋಧ ಕಟ್ಟಿಕೊಂಡಿದ್ದ ಪಾರ್ಕರ್, ಗೈ ಮೊದಲಾದ ವ್ಯಾಪಾರಿಗಳಿಗೇ ಬೈಬಲ್ ಮುದ್ರಣವನ್ನು ಒಪ್ಪಿಸಿದರು. ಮುಳ್ಳಿನಿಂದ ಮುಳ್ಳನ್ನು ತೆಗೆಯುವ ಈ ಉಪಾಯದಿಂದ ಬೈಬಲ್ ವ್ಯಾಪಾರವು ಬೆಳೆಯಿತು. ಆದರೆ ನ್ಯಾಯಾಲಯದ ವ್ಯಾಜ್ಯವು ಅವರ ಕಡೆಯ ದಿನಗಳವರೆಗೂ ತೀರಲಿಲ್ಲ.

ಗುಣಗಳನ್ನು ಹೇಳಿ ದೋಷಗಳನ್ನು ಮುಚ್ಚುವುದು ಚರಿತ್ರೆಯಲ್ಲ. ಫೆಲ್ಲರ ಹಟವು ಅನೇಕರನ್ನು ನೋಯಿಸಿತು. ಆಂಥನಿ ವುಡ್ ಎಂಬುವರು ಬರೆದ ವಿಶ್ವವಿದ್ಯಾನಿಲಯದ ಇತಿಹಾಸವನ್ನು ತಾವೇ ಹಣವಿತ್ತು ಲ್ಯಾಟಿನ್ನಿಗೆ ತಿರುಗಿಸಿ 1674ರಲ್ಲಿ ಅಚ್ಚಿಡಿಸಿದರಷ್ಟೆ; ಆದರೆ ಗ್ರಂಥಕರ್ತನ ಮಾತನ್ನು ಅಲ್ಲಲ್ಲಿ ತಿದ್ದಿ, ತತ್ತ್ವಜ್ಞ ಹಾಬ್ಸರನ್ನು ನಿಂದಿಸುವ ನುಡಿಗಳನ್ನು ಅದರೊಳಗೆ ಸೇರಿಸಿದರು. ಹಣ ಕೊಟ್ಟವನಿಗೆ ಗ್ರಂಥದ ಮೇಲೆ ಇಂತಹ ಅಧಿಕಾರವಿರಲಾಗದು. 1684ರಲ್ಲಿ ಅರಸನ ಅಪ್ಪಣೆಯಾಗಲು ತತ್ತ್ವಜ್ಞ ಜಾನ್ ಲಾಕರನ್ನು ಕ್ರೈಸ್ಟ್ ಚರ್ಚಿನಿಂದ ತೆಗೆದುಹಾಕಿದವರೂ ಇವರೇ. ತಾವೇ ಒಮ್ಮೆ ಆ ಬಾಗಿಲಿನಿಂದ ಹೊರದೂಡಲ್ಪಟ್ಟಿದ್ದರೆಂಬುದನ್ನು ನೆನೆದರೆ ಇದು ಇನ್ನೂ ಖೇದಕರವೆನಿಸುತ್ತದೆ.

1676ರಲ್ಲಿ ಆಕ್ಸ್‌ಫರ್ಡಿನ ಬಿಷಪ್ ಪದವಿಯೂ ಅವರಿಗೆ ಬಂದಿತು. ಡೀನ್ ಪದವಿಯನ್ನಾಗಲಿ ಅಚ್ಚಿನ ಮನೆಯನ್ನಾಗಲಿ ಅವರು ಬಿಡಲಿಲ್ಲ. 1686ನೆಯ ಇಸವಿ ಜುಲೈ 10ರಂದು ದೇಹವನ್ನು ತ್ಯಜಿಸಿದರು. ಅವರು ಸಂಗ್ರಹಿಸಿದ್ದ ಅಚ್ಚು ಮತ್ತು ಮೊಳೆಗಳು ಅವರ ಮರಣಶಾಸನದ ಮೇರೆಗೆ ವಿಶ್ವವಿದ್ಯಾನಿಲಯದ ಸ್ವತ್ತಾದವು.

ಅವರ ಪ್ರೋತ್ಸಾಹದಿಂದ ಜಾನ್ ಮಿಲ್ ಎಂಬ ಪಂಡಿತರು ಗ್ರೀಕ್ ಹೊಸ ಒಡಂಬಡಿಕೆಯ ಪಾಠಾಂತರಗಳನ್ನು ಕೂಡಿಸುತ್ತಲಿದ್ದರು. ಫೆಲ್ಲರು ಕಾಲವಾದ ಮೇಲೆ ಅದರ ವೆಚ್ಚವನ್ನು ಹೊರಲು ಅವರ ಆಸ್ತಿಯ ಮೇಲ್ವಿಚಾರಕರು ಒಪ್ಪಲಿಲ್ಲ. ಅದುವರೆಗೆ ಕೊಟ್ಟಿದ್ದ ಹಣವನ್ನು ಮಿಲ್ಲರು ತಿರುಗಿ ಕೊಟ್ಟು, ಸ್ವಂತ ವೆಚ್ಚದಿಂದಲೇ ಕಾರ್ಯವನ್ನು ಮುಂದುವರಿಸಿದರು. ಮೂವತ್ತು ವರ್ಷಗಳ ಆ ದುಡಿಮೆಯು 1707ರಲ್ಲಿ ಆಕ್ಸ್‌ಫರ್ಡಿನ ಅಚ್ಚಿನಲ್ಲಿ ಹೊರಬಂದಿತು. ಅದಾದ ಎರಡು ವಾರಗಳಲ್ಲಿ ಮಿಲ್ಲರೂ ತೀರಿಕೊಂಡರು.